ಹುಟ್ಟು, ಸಾಧನೆ ಮತ್ತು ಅವಳಿ ದೇಹ: ‘ಟ್ವಿನ್ ಡ್ರಾಗನ್ಸ್’ ಚಿತ್ರವನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

1

ಜನಪ್ರಿಯ ಸಿನಿಮಾವನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಕಥಾವಸ್ತುವಿನ ಅಧ್ಯಯನಗಳಾಗಿಯೇ ಉಳಿದಿವೆ. ಒಂದು ಚಿತ್ರದಲ್ಲಿ ಏನು ನಡೆಯುತ್ತದೆ, ಯಾರು ಯಾವ ವರ್ಗಕ್ಕೆ ಸೇರಿದವರು, ಕೊನೆಯಲ್ಲಿ ಯಾವ ಮೌಲ್ಯ ಗೆಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯುತ್ತದೆ. ಕಾದಂಬರಿಯನ್ನು ಓದುವ ಕ್ರಮವನ್ನೇ ತೆರೆಗೂ ಅನ್ವಯಿಸಿದ್ದರಿಂದ ಆದ ಪರಿಣಾಮವಿದು. ತೆರೆಯ ಮೇಲೆ ಕಾಣುವ ನಟನ ದೇಹ, ಅದು ಪಡೆದ ತರಬೇತಿ, ಅದರ ಚಲನೆ ಮತ್ತು ದಣಿವು ಇವು ಅರ್ಥವನ್ನು ಹುಟ್ಟಿಸುತ್ತವೆ ಎಂಬುದನ್ನು ಈ ಕ್ರಮ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಇದರ ಕೊರತೆ ಎದ್ದು ಕಾಣುವುದು ಸಮರಕಲೆಯ ಚಿತ್ರಗಳನ್ನು ಎದುರಿಸಿದಾಗ. ಅಂಥ ಚಿತ್ರಗಳ ಕಥೆಯನ್ನು ನಾಲ್ಕು ಸಾಲುಗಳಲ್ಲಿ ಹೇಳಿ ಮುಗಿಸಬಹುದು. ಆದರೆ ಹಾಗೆ ಮುಗಿಸಿದಾಗ ಚಿತ್ರವೇ ಕೈತಪ್ಪಿ ಹೋಗಿರುತ್ತದೆ.

ಸಮರಕಲೆಯ ಚಿತ್ರವೊಂದರಲ್ಲಿ ಒಬ್ಬನೇ ನಟ ಅವಳಿ ಸಹೋದರರ ಪಾತ್ರವನ್ನು ನಿರ್ವಹಿಸಿದರೆ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ದ್ವಿಪಾತ್ರವೆಂಬುದು ಭಾರತೀಯ ಸಿನಿಮಾಕ್ಕೆ ಹೊಸದಲ್ಲ. ಹಿಂದಿಯ ‘ರಾಮ್ ಔರ್ ಶ್ಯಾಮ್’ (1967) ಮತ್ತು ‘ಸೀತಾ ಔರ್ ಗೀತಾ’ (1972) ಚಿತ್ರಗಳಿಂದ ಹಿಡಿದು ಕನ್ನಡದ ‘ದಾರಿ ತಪ್ಪಿದ ಮಗ’ (1975), ಮೂರು ಪಾತ್ರಗಳ ‘ಶಂಕರ್ ಗುರು’ (1978) ಚಿತ್ರಗಳವರೆಗೆ ಇದರ ಪರಂಪರೆ ಹರಡಿಕೊಂಡಿದೆ. ಅಲ್ಲೆಲ್ಲ ಮುಖ್ಯವಾದುದು ಮುಖದ ಸಾಮ್ಯ. ಅದರಿಂದ ಹುಟ್ಟುವ ಗೊಂದಲ, ಹಾಸ್ಯ ಮತ್ತು ಕೊನೆಯ ಗುರುತಿಸುವಿಕೆ. ಸಮರಕಲೆಯ ಚಿತ್ರದಲ್ಲಾದರೋ ಮುಖಕ್ಕಿಂತ ದೇಹಕ್ಕೆ ಹೆಚ್ಚಿನ ಬೆಲೆ. ಅವಳಿಗಳ ಮುಖ ಒಂದೇ ಎಂಬುದನ್ನು ಒಪ್ಪಿಕೊಂಡರೂ, ಒಂದೇ ಹುಟ್ಟಿನ ಎರಡು ದೇಹಗಳು ಒಂದೇ ಬಗೆಯಲ್ಲಿ ಹೊಡೆದಾಡಬಲ್ಲವೇ ಎಂಬ ಪ್ರಶ್ನೆ ಉಳಿದುಕೊಳ್ಳುತ್ತದೆ. ಮೇಲ್ನೋಟಕ್ಕೆ ಬಾಲಿಶವೆಂದು ತೋರುವ ಈ ಪ್ರಶ್ನೆಯ ಹಿಂದೆ ಹುಟ್ಟು ಮತ್ತು ಸಾಧನೆಗಳ ನಡುವಣ ಹಳೆಯ ವಾಗ್ವಾದವಿದೆ. ಕನ್ನಡ ಸಾಹಿತ್ಯದ ಅಧ್ಯಯನಕಾರರಿಗೆ ಆ ವಾಗ್ವಾದ ಅಪರಿಚಿತವೇನಲ್ಲ.

2

ಚರ್ಚೆಗೆ ಆಧಾರವಾಗಿ 1992ರ ಜನವರಿಯಲ್ಲಿ ತೆರೆಕಂಡ ಹಾಂಗ್‌ಕಾಂಗ್‌ನ ‘ಟ್ವಿನ್ ಡ್ರಾಗನ್ಸ್’ ಚಿತ್ರವನ್ನು ಗಮನಿಸಬಹುದು. ತ್ಸುಯಿ ಹಾರ್ಕ್ ಮತ್ತು ರಿಂಗೋ ಲ್ಯಾಮ್ ಜೊತೆಯಾಗಿ ನಿರ್ದೇಶಿಸಿದ ಈ ಚಿತ್ರ ಹಾಂಗ್‌ಕಾಂಗ್ ಚಲನಚಿತ್ರ ನಿರ್ದೇಶಕರ ಸಂಘದ ನಿಧಿ ಸಂಗ್ರಹಕ್ಕಾಗಿ ತಯಾರಾದುದು. ಆ ಕಾರಣದಿಂದಲೇ ಅಲ್ಲಿನ ಅನೇಕ ನಿರ್ದೇಶಕರು ಇದರಲ್ಲಿ ಸಣ್ಣಪುಟ್ಟ ಪಾತ್ರಗಳಲ್ಲಿ ಮುಖ ತೋರಿಸಿ ಹೋಗುತ್ತಾರೆ. ಅವಳಿಗಳಾಗಿ ನಟಿಸಿದವರು ಜಾಕಿ ಚಾನ್.

ಕಥೆ ಸರಳವಾದುದು. 1960ರ ದಶಕದ ಹಾಂಗ್‌ಕಾಂಗ್‌ನ ಆಸ್ಪತ್ರೆಯೊಂದರಲ್ಲಿ ಅವಳಿ ಗಂಡುಮಕ್ಕಳು ಹುಟ್ಟುತ್ತವೆ. ಪೊಲೀಸರಿಂದ ತಪ್ಪಿಸಿಕೊಳ್ಳುವ ಪಾತಕಿಯೊಬ್ಬ ಒಂದು ಕೂಸನ್ನು ಒತ್ತೆಯಾಗಿ ಎತ್ತಿಕೊಂಡು ಓಡುತ್ತಾನೆ. ಆ ಕೂಸು ದಾರಿಯಲ್ಲಿ ಕಳೆದುಹೋಗಿ ಬಡ ಹೆಂಗಸೊಬ್ಬಳ ಮಡಿಲು ಸೇರುತ್ತದೆ. ಉಳಿದ ಕೂಸಿನೊಡನೆ ತಂದೆತಾಯಿ ಅಮೆರಿಕಕ್ಕೆ ಹೋಗುತ್ತಾರೆ. ಕಾಲು ಶತಮಾನದ ನಂತರ ಅಮೆರಿಕದ ಮಗ ಮಾ ಯಾವ್ ಹೆಸರಾಂತ ಪಿಯಾನೋ ವಾದಕನೂ ವಾದ್ಯವೃಂದದ ನಿರ್ದೇಶಕನೂ ಆಗಿ ಹಾಂಗ್‌ಕಾಂಗ್‌ಗೆ ಬರುತ್ತಾನೆ. ಅಲ್ಲಿಯೇ ಬೆಳೆದ ವಾನ್ ಮಿಂಗ್ ಕಾರುಗಳ ಒಡನಾಟದಲ್ಲಿ, ಬೀದಿ ಜಗಳಗಳ ನಡುವೆ ಬದುಕುತ್ತಿದ್ದಾನೆ. ಇಬ್ಬರೂ ಒಂದೇ ಊರಿನಲ್ಲಿ ಸೇರುತ್ತಿದ್ದಂತೆ ಅವರ ದೇಹಗಳ ನಡುವೆ ಒಂದು ವಿಚಿತ್ರ ನಂಟು ಜಾಗೃತವಾಗುತ್ತದೆ. ಒಬ್ಬನ ದೇಹಕ್ಕೆ ಆದ ಅಲುಗಾಟ ಇನ್ನೊಬ್ಬನ ದೇಹವನ್ನೂ ಅಲುಗಾಡಿಸುತ್ತದೆ. ಬೀದಿಯ ತಮಾಷೆಗಳೂ ಪ್ರೇಮದ ತಪ್ಪು ತಿಳಿವಳಿಕೆಗಳೂ ಇದರಿಂದಲೇ ಬೆಳೆಯುತ್ತವೆ.

ಈ ಕಥೆಯನ್ನು ಅದು ಹುಟ್ಟಿದ ಕಾಲದೇಶಗಳಿಂದ ಬೇರ್ಪಡಿಸಿ ನೋಡಲಾಗದು. 1984ರಲ್ಲಿ ಬ್ರಿಟನ್ ಮತ್ತು ಚೀನಾ ಮಾಡಿಕೊಂಡ ಒಪ್ಪಂದದ ಪ್ರಕಾರ 1997ರಲ್ಲಿ ಹಾಂಗ್‌ಕಾಂಗ್ ಚೀನಾದ ಆಡಳಿತಕ್ಕೆ ಮರಳಬೇಕಾಗಿತ್ತು. 1989ರ ತಿಯಾನನ್‌ಮೆನ್ ಘಟನೆಯ ಬಳಿಕ ಅಲ್ಲಿನ ಮಧ್ಯಮವರ್ಗದ ಕುಟುಂಬಗಳು ಕೆನಡಾ, ಆಸ್ಟ್ರೇಲಿಯಾ, ಅಮೆರಿಕಗಳಿಗೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋಗತೊಡಗಿದವು. ಹೋಗುವವರು ಯಾರು, ಉಳಿಯುವವರು ಯಾರು ಎಂಬುದು ಮನೆಮನೆಯ ಮಾತಾಗಿದ್ದ ಕಾಲವದು. ಒಂದೇ ಬಸಿರಿನ ಇಬ್ಬರು ಮಕ್ಕಳಲ್ಲಿ ಒಬ್ಬ ಹೋದವನು, ಒಬ್ಬ ಉಳಿದವನು ಎಂಬ ಕಥನ ಚೌಕಟ್ಟು 1992ರ ಹಾಂಗ್‌ಕಾಂಗ್ ಪ್ರೇಕ್ಷಕನಿಗೆ ಕೇವಲ ಹಾಸ್ಯದ ಸಲಕರಣೆಯಾಗಿ ಕಂಡಿರಲಾರದು. ಹೋದವನಿಗೆ ಸಂಗೀತ, ಇಂಗ್ಲಿಷ್, ಸಂಪತ್ತು ದೊರೆತಿವೆ. ಉಳಿದವನಿಗೆ ದೊರೆತುದು ದೇಹವೊಂದೇ. ಸಮರಕಲೆ ಇಲ್ಲಿ ಉಳಿದವನ ಬಂಡವಾಳ.

ನಟನ ಜೀವನವೂ ಈ ಓದಿಗೆ ಒಂದು ಆಯಾಮವನ್ನು ಒದಗಿಸುತ್ತದೆ. 1954ರಲ್ಲಿ ಜನಿಸಿದ ಜಾಕಿ ಚಾನ್ ಅವರ ತಂದೆ ಆಸ್ಟ್ರೇಲಿಯಾದಲ್ಲಿ ಅಮೆರಿಕದ ರಾಯಭಾರ ಕಚೇರಿಯ ಅಡುಗೆಯವರಾಗಿ ಹೋದರು. ಬಾಲಕನಾಗಿದ್ದ ಚಾನ್ ಹಾಂಗ್‌ಕಾಂಗ್‌ನಲ್ಲಿಯೇ ಉಳಿದು, ಯು ಜಿಮ್ ಯುವೆನ್ ಅವರ ಪೀಕಿಂಗ್ ಆಪೆರಾ ಶಾಲೆಯಲ್ಲಿ ಸುಮಾರು ಹತ್ತು ವರ್ಷ ಕಲಿತರು. ಹಾಡು, ಅಭಿನಯ, ಲಾಗ, ಆಯುಧ ವಿದ್ಯೆ ಎಲ್ಲವನ್ನೂ ಒಟ್ಟಿಗೆ ಕಲಿಸುತ್ತಿದ್ದ ಆ ಶಾಲೆ ಕಠೋರ ಶಿಕ್ಷೆಗೂ ಹೆಸರಾಗಿತ್ತು. ಚಿತ್ರ ಯಾವುದನ್ನು ಸಂಗೀತಗಾರ ಮತ್ತು ಹೊಡೆದಾಟಗಾರ ಎಂದು ಇಬ್ಬರಲ್ಲಿ ಹಂಚಿದೆಯೋ ಅದು ನಟನಲ್ಲಿ ಒಂದೇ ಗುರುಕುಲದ ಶಿಕ್ಷಣವಾಗಿತ್ತು.

3

ಸಮರಕಲೆಯ ಚಿತ್ರಕ್ಕೂ ಅದರ ಪ್ರೇಕ್ಷಕನಿಗೂ ನಡುವೆ ಒಂದು ಅಲಿಖಿತ ಕರಾರಿದೆ. ತೆರೆಯ ಮೇಲೆ ಜಿಗಿದವನು, ಬಿದ್ದವನು, ಪೆಟ್ಟು ತಿಂದವನು ನಿಜವಾಗಿಯೂ ಈ ನಟನೇ ಎಂಬುದು ಆ ಕರಾರು. ಜಾಕಿ ಚಾನ್ ಅವರ ಚಿತ್ರಗಳ ಕೊನೆಯಲ್ಲಿ ಚಿತ್ರೀಕರಣದ ಸಂದರ್ಭದಲ್ಲಿ ತಪ್ಪಿದ ಜಿಗಿತಗಳನ್ನೂ ಆದ ಗಾಯಗಳನ್ನೂ ತೋರಿಸುವ ರೂಢಿ ಬೆಳೆದದ್ದು ಈ ಕರಾರಿನ ಸಾಕ್ಷಿಪತ್ರವಾಗಿ. 1986ರ ‘ಆರ್ಮರ್ ಆಫ್ ಗಾಡ್’ ಚಿತ್ರೀಕರಣದಲ್ಲಿ ಮರದಿಂದ ಬಿದ್ದು ತಲೆಗೆ ಆದ ತೀವ್ರ ಪೆಟ್ಟು ಕೂಡ ಅವರ ತಾರಾಮೌಲ್ಯದ ಭಾಗವಾಗಿಬಿಟ್ಟಿತು. ದೇಹ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಪ್ರಕಾರ ನಿಂತಿದೆ.

ಅವಳಿ ಪಾತ್ರ ಈ ಕರಾರನ್ನು ಮುರಿಯುತ್ತದೆ. ಒಂದೇ ಚೌಕಟ್ಟಿನಲ್ಲಿ ಇಬ್ಬರು ಚಾನ್‌ಗಳು ನಿಂತರೆ ಅವರಲ್ಲಿ ಒಬ್ಬ ಬದಲಿ ನಟನಾಗಿರಬೇಕು, ಇಲ್ಲವೇ ಎರಡು ಬಾರಿ ಚಿತ್ರೀಕರಿಸಿ ಜೋಡಿಸಿದ ಬಿಂಬವಾಗಿರಬೇಕು. ‘ಟ್ವಿನ್ ಡ್ರಾಗನ್ಸ್’ ತಯಾರಾದ ಕಾಲಕ್ಕೆ ಲಭ್ಯವಿದ್ದ ತಂತ್ರದಲ್ಲಿ ಈ ಜೋಡಣೆ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಇದನ್ನು ತಾಂತ್ರಿಕ ದೌರ್ಬಲ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ವಿಮರ್ಶೆಯ ದೃಷ್ಟಿಯಿಂದ ಆ ಬಿರುಕೇ ಮುಖ್ಯ. ದೇಹದ ಪ್ರಾಮಾಣಿಕತೆಯನ್ನು ಸಾರುವ ಪ್ರಕಾರವೊಂದು ತನ್ನ ನಾಯಕನನ್ನು ಇಮ್ಮಡಿಗೊಳಿಸಲು ಹೊರಟಾಗ ಕಪಟವನ್ನು ಆಶ್ರಯಿಸದೆ ಗತ್ಯಂತರವಿಲ್ಲ ಎಂಬುದನ್ನು ಅದು ಬಯಲು ಮಾಡುತ್ತದೆ.

ಈ ಆತಂಕ ಪ್ರಕಾರದ ಚರಿತ್ರೆಯಲ್ಲಿ ಹಿಂದೆಯೂ ಕಾಣಿಸಿಕೊಂಡಿದೆ. ‘ಎಂಟರ್ ದ ಡ್ರಾಗನ್’ (1973) ಚಿತ್ರದ ಕೊನೆಯ ಕಾಳಗ ಕನ್ನಡಿಗಳ ಕೋಣೆಯಲ್ಲಿ ನಡೆಯುತ್ತದೆ. ಬ್ರೂಸ್ ಲೀ ಅಲ್ಲಿ ಬಿಂಬಗಳ ನಡುವೆ ನಿಜದೇಹವನ್ನು ಹುಡುಕಲು ಕನ್ನಡಿಗಳನ್ನೇ ಒಡೆಯಬೇಕಾಗುತ್ತದೆ. ಅದೇ ವರ್ಷ ಅವರು ತೀರಿಕೊಂಡ ಮೇಲೆ, ಅಪೂರ್ಣವಾಗಿದ್ದ ‘ಗೇಮ್ ಆಫ್ ಡೆತ್’ ಚಿತ್ರವನ್ನು ಬದಲಿ ನಟರನ್ನು ಬಳಸಿ ಮುಗಿಸಿ 1978ರಲ್ಲಿ ಬಿಡುಗಡೆ ಮಾಡಲಾಯಿತು. ಪ್ರೇಕ್ಷಕರು ಅಲ್ಲಿ ನಿಜವಾದ ಲೀ ಯಾವಾಗ ಬರುತ್ತಾರೆಂದು ಕಾದು ನೋಡಿದರು. ಭಾರತೀಯ ಓದುಗರಿಗೆ ಇಲ್ಲಿ ವಾಲ್ಮೀಕಿ ರಾಮಾಯಣದ ವಾಲಿಸುಗ್ರೀವರ ಕಾಳಗ ನೆನಪಾಗಬಹುದು. ಅವರು ಅವಳಿಗಳಲ್ಲವಾದರೂ ರೂಪದಲ್ಲಿ ಒಂದೇ ಆಗಿದ್ದುದರಿಂದ ರಾಮನಿಗೆ ಮೊದಲ ಬಾರಿ ಬಾಣ ಬಿಡಲಾಗಲಿಲ್ಲ. ಸುಗ್ರೀವ ಪೆಟ್ಟು ತಿಂದು ಹಿಂತಿರುಗಿದ ಮೇಲೆ ಅವನ ಕೊರಳಿಗೆ ಗಜಪುಷ್ಪಿಯ ಮಾಲೆಯನ್ನು ಹಾಕಬೇಕಾಯಿತು. ಹೋರಾಡುವ ಎರಡು ಸಮಾನ ದೇಹಗಳನ್ನು ಬೇರ್ಪಡಿಸಲು ಹೊರಗಿನ ಗುರುತೊಂದು ಬೇಕು ಎಂಬ ತಿಳಿವಳಿಕೆ ಆ ಪ್ರಸಂಗದಲ್ಲಿದೆ. ಸಿನಿಮಾ ಈ ಮಾಲೆಯ ಕೆಲಸವನ್ನು ಉಡುಪಿಗೂ ಕೇಶವಿನ್ಯಾಸಕ್ಕೂ ವಹಿಸಿದೆ.

4

‘ಟ್ವಿನ್ ಡ್ರಾಗನ್ಸ್’ಗಿಂತ ಒಂದು ವರ್ಷ ಮೊದಲು, 1991ರಲ್ಲಿ, ಶೆಲ್ಡನ್ ಲೆಟಿಚ್ ನಿರ್ದೇಶನದ ‘ಡಬಲ್ ಇಂಪ್ಯಾಕ್ಟ್’ ಎಂಬ ಅಮೆರಿಕದ ಚಿತ್ರ ತೆರೆಗೆ ಬಂದಿತ್ತು. ಬೆಲ್ಜಿಯಂ ಮೂಲದ ಜೀನ್ ಕ್ಲಾಡ್ ವಾನ್ ಡ್ಯಾಮ್ ಇದರಲ್ಲಿ ಚಾಡ್ ಮತ್ತು ಅಲೆಕ್ಸ್ ಎಂಬ ಅವಳಿಗಳಾಗಿದ್ದಾರೆ. ಕಥೆಯ ನೆಲ ಇದರಲ್ಲಿಯೂ ಹಾಂಗ್‌ಕಾಂಗ್. ಬಂದರಿನ ಸುರಂಗ ಮಾರ್ಗವನ್ನು ಕಟ್ಟಿದ ಉದ್ಯಮಿಯನ್ನೂ ಅವನ ಹೆಂಡತಿಯನ್ನೂ ಪಾಲುದಾರನೇ ಕೊಲ್ಲಿಸುತ್ತಾನೆ, ಹಸುಳೆಗಳು ಬೇರೆಯಾಗುತ್ತವೆ. ಒಬ್ಬ ಅಮೆರಿಕದಲ್ಲಿ ಸುಖವಾಗಿ ಬೆಳೆಯುತ್ತಾನೆ. ಇನ್ನೊಬ್ಬ ಹಾಂಗ್‌ಕಾಂಗ್‌ನ ಅನಾಥಾಲಯದಲ್ಲಿ ಬೆಳೆದು ಕಳ್ಳಸಾಗಣೆಗೆ ಇಳಿಯುತ್ತಾನೆ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆಗೂದಲು ಮತ್ತು ಚುಟ್ಟಾ ಈ ಎರಡನೆಯವನ ಗುರುತು.

ಎರಡು ಚಿತ್ರಗಳ ಚೌಕಟ್ಟು ಒಂದೇ ಆದರೂ ದೇಹದ ಬಗೆಗಿನ ಗ್ರಹಿಕೆ ಬೇರೆ. ‘ಡಬಲ್ ಇಂಪ್ಯಾಕ್ಟ್’ನಲ್ಲಿ ಅವಳಿಗಳಿಬ್ಬರೂ ನುರಿತ ಹೋರಾಟಗಾರರು. ಸಾವಿರಾರು ಮೈಲಿ ದೂರದಲ್ಲಿ, ಸಂಬಂಧವೇ ಇಲ್ಲದ ಸನ್ನಿವೇಶಗಳಲ್ಲಿ ಬೆಳೆದ ಇಬ್ಬರ ಒದೆತದ ಎತ್ತರವೂ ಒಂದೇ. ಸಾಧನೆಯ ಸ್ಥಳ ಬೇರೆಯಾದರೂ ಫಲ ಒಂದೇ ಆಗಿರುವುದರಿಂದ, ಶಕ್ತಿ ರಕ್ತದಲ್ಲಿಯೇ ಇತ್ತು ಎಂಬ ಭಾವನೆ ಪ್ರೇಕ್ಷಕನಲ್ಲಿ ಉಳಿಯುತ್ತದೆ. ವಸಾಹತು ನಗರದಲ್ಲಿ ಕಳೆದುಹೋದ ಬಿಳಿಯ ವಾರಸುದಾರರು ಮರಳಿ ಬಂದು ತಂದೆಯ ಆಸ್ತಿಯ ಮೇಲಿನ ಹಕ್ಕನ್ನು ಕೇಳುವ ಕಥೆಗೆ ಇಂಥ ರಕ್ತಸಿದ್ಧಾಂತ ಹೊಂದಿಕೆಯಾಗುವಂಥದೇ.

‘ಟ್ವಿನ್ ಡ್ರಾಗನ್ಸ್’ ಈ ನಿಲುವನ್ನು ಒಪ್ಪುವುದಿಲ್ಲ. ವಾದ್ಯವೃಂದದ ನಿರ್ದೇಶಕನಿಗೆ ಹೊಡೆದಾಟ ಬಾರದು. ಬೀದಿಯವನಿಗೆ ಸ್ವರಲಿಪಿ ತಿಳಿಯದು. ಹುಟ್ಟು ಒಂದೇ ಆದರೂ ಕಲಿಕೆ ಬೇರೆಯಾದ್ದರಿಂದ ದೇಹಗಳು ಬೇರೆಯಾಗಿವೆ. ಈ ಮಟ್ಟಿಗೆ ಚಿತ್ರ ಸಮರಕಲೆಯ ಮೂಲ ತತ್ವಕ್ಕೆ ನಿಷ್ಠವಾಗಿದೆ. 1978ರ ‘ಡ್ರಂಕನ್ ಮಾಸ್ಟರ್’, ‘ದ 36ತ್ ಚೇಂಬರ್ ಆಫ್ ಶಾವೊಲಿನ್’ ಮೊದಲಾದ ಚಿತ್ರಗಳಲ್ಲಿ ಕಥೆಯ ಬಹುಭಾಗವನ್ನು ಆಕ್ರಮಿಸುವುದು ಶಿಷ್ಯನ ಅಭ್ಯಾಸವೇ. ನೀರು ಹೊರುವುದು, ತಲೆಕೆಳಗಾಗಿ ತೂಗುವುದು, ಮತ್ತೆ ಮತ್ತೆ ಬೀಳುವುದು ಇವುಗಳ ಮೂಲಕ ಸಾಮಾನ್ಯನ ದೇಹ ವೀರನ ದೇಹವಾಗುತ್ತದೆ. ಯಾವ ಕುಲದವನಾದರೂ ದುಡಿದರೆ ಪಡೆಯಬಹುದಾದ ದೇಹವದು.

ಆದರೆ ಚಿತ್ರ ಇಷ್ಟಕ್ಕೇ ನಿಲ್ಲುವುದಿಲ್ಲ. ಅವಳಿಗಳ ನಡುವಣ ದೈಹಿಕ ನಂಟನ್ನು ತಂದು ತಾನೇ ಒಪ್ಪಿದ ತತ್ವವನ್ನು ಮೀರಿ ನಡೆಯುತ್ತದೆ. ಹೊಡೆದಾಟ ಬಾರದವನ ಕೈಕಾಲುಗಳು ಬಲ್ಲವನ ಚಲನೆಗೆ ಓಗೊಡತೊಡಗುತ್ತವೆ. ಹತ್ತಾರು ವರ್ಷಗಳ ಅಭ್ಯಾಸದಿಂದ ಬರಬೇಕಾದುದು ರಕ್ತಸಂಬಂಧದ ಮೂಲಕ ಕ್ಷಣಮಾತ್ರದಲ್ಲಿ ಹರಿದುಬರುತ್ತದೆ. ಇದಕ್ಕೆ ಪ್ರತಿಯಾಗಿ ಬೀದಿಯವನು ವಾದ್ಯವೃಂದದ ಎದುರು ನಿಂತು ದಂಡವನ್ನು ಬೀಸಬೇಕಾಗುವ ದೃಶ್ಯವಿದೆ. ಅಲ್ಲಿ ಅವನ ಹುರುಪಿನ ಅಂಗಚೇಷ್ಟೆಯೇ ಸಂಗೀತ ನಿರ್ದೇಶನವಾಗಿ ಚಲಾವಣೆಯಾಗುತ್ತದೆ. ಈ ಎರಡು ದೃಶ್ಯಗಳು ಸಮಾನವಲ್ಲ. ಮೊದಲನೆಯದರಲ್ಲಿ ರಕ್ತ ಕಲಿಸುತ್ತದೆ. ಎರಡನೆಯದರಲ್ಲಿ ಶ್ರಮಿಕನ ದೇಹ ತಾನು ಕಲಿತುದನ್ನೇ ಹೊಸ ಸ್ಥಳದಲ್ಲಿ ಬಳಸುತ್ತದೆ. ಉನ್ನತ ಕಲೆಯ ಗಾಂಭೀರ್ಯವನ್ನು ನಗೆಪಾಟಲಿಗೆ ಈಡುಮಾಡುವ ಈ ಎರಡನೆಯ ದೃಶ್ಯದಲ್ಲಿ ಚಿತ್ರದ ನಿಜವಾದ ಚೈತನ್ಯವಿದೆ. ಮೊದಲನೆಯದು ಕಥೆಯ ಅನುಕೂಲಕ್ಕೆ ಒದಗಿದ ಅಡ್ಡದಾರಿ.

5

ಏಷ್ಯಾದ ಜನಪ್ರಿಯ ಸಂಸ್ಕೃತಿಯೊಳಗೆ ಈ ಕಥೆ ಮುಂದೆ ಪಯಣಿಸಿದ ಬಗೆ ಇನ್ನೂ ಕುತೂಹಲಕರವಾದುದು. ‘ಟ್ವಿನ್ ಡ್ರಾಗನ್ಸ್’ನ ಪ್ರೇರಣೆಯಿಂದ ಇ.ವಿ.ವಿ. ಸತ್ಯನಾರಾಯಣ ಅವರ ತೆಲುಗು ಚಿತ್ರ ‘ಹಲೋ ಬ್ರದರ್’ 1994ರಲ್ಲಿ ತಯಾರಾಯಿತು. ನಾಗಾರ್ಜುನ ಅದರ ಅವಳಿ ನಾಯಕರು. 1997ರಲ್ಲಿ ಅದು ಹಿಂದಿಯಲ್ಲಿ ಡೇವಿಡ್ ಧವನ್ ಅವರ ‘ಜುಡ್ವಾ’ ಆಗಿ, ಅದೇ ವರ್ಷ ಕನ್ನಡದಲ್ಲಿ ವಿ. ರವಿಚಂದ್ರನ್ ನಟಿಸಿದ ‘ಚೆಲುವ’ ಆಗಿ ಬಂದಿತು. 2017ರಲ್ಲಿ ‘ಜುಡ್ವಾ 2’ ಕೂಡ ತೆರೆಕಂಡಿತು. ಹಾಂಗ್‌ಕಾಂಗ್‌ನ ಕಥೆಯೊಂದು ಹೈದರಾಬಾದಿನ ದಾರಿಯಾಗಿ ಬೆಂಗಳೂರನ್ನು ತಲುಪಲು ಐದು ವರ್ಷ ಸಾಕಾಯಿತು. ಕನ್ನಡದ ತೌಲನಿಕ ಅಧ್ಯಯನಗಳು ಸಂಸ್ಕೃತ ಮತ್ತು ಇಂಗ್ಲಿಷ್ ಮೂಲಗಳನ್ನು ಹುಡುಕುವಷ್ಟು ಶ್ರದ್ಧೆಯಿಂದ ಇಂಥ ದಾರಿಗಳನ್ನು ಹುಡುಕಿಲ್ಲ.

ಪಯಣದಲ್ಲಿ ಯಾವುದು ಉಳಿಯಿತು, ಯಾವುದು ಕಳಚಿತು ಎಂಬುದನ್ನು ಪರಿಶೀಲಿಸಬೇಕು. ಭಾರತದ ರೂಪಾಂತರಗಳಲ್ಲಿ ಉಳಿದುಕೊಂಡದ್ದು ರಕ್ತದ ನಂಟು. ಒಬ್ಬನಿಗೆ ಬಿದ್ದ ಪೆಟ್ಟು ಇನ್ನೊಬ್ಬನಿಗೆ ತಟ್ಟುವ ಸಂಗತಿಯೇ ಹಾಸ್ಯಕ್ಕೂ ಭಾವುಕತೆಗೂ ಮುಖ್ಯ ಆಧಾರವಾಯಿತು. ಕಳಚಿಹೋದದ್ದು ಸಮರಕಲೆ, ಅಂದರೆ ಸಾಧನೆಯ ಪಾಠ. ನಾಯಕನಟನ ಹೊಡೆದಾಟಕ್ಕೆ ಅಭ್ಯಾಸದ ಹಿನ್ನೆಲೆ ಬೇಕೆಂದು ಇಲ್ಲಿನ ಜನಪ್ರಿಯ ಸಿನಿಮಾ ಸಾಮಾನ್ಯವಾಗಿ ಭಾವಿಸುವುದಿಲ್ಲ; ಅವನು ನಾಯಕನಾಗಿರುವುದೇ ಸಾಕಾದ ಅರ್ಹತೆ. ಮೂಲದಲ್ಲಿ ಹುಟ್ಟು ಮತ್ತು ಸಾಧನೆಗಳ ನಡುವೆ ಇದ್ದ ಘರ್ಷಣೆ ರೂಪಾಂತರದಲ್ಲಿ ಶಮನಗೊಂಡು, ಹುಟ್ಟೊಂದೇ ಉಳಿಯಿತು. ಹಾಂಗ್‌ಕಾಂಗ್‌ನ ಚಾರಿತ್ರಿಕ ಆತಂಕವಾಗಿದ್ದ ವಲಸೆಯೂ ಇಲ್ಲಿ ಶ್ರೀಮಂತಿಕೆಯ ಅಲಂಕಾರವಾಯಿತು.

ಹಬ್ಬದ ದಿನಗಳಿಗೆಂದು ತಯಾರಾದ ಹಾಸ್ಯಚಿತ್ರವೊಂದರ ಮೇಲೆ ಇಷ್ಟು ಭಾರ ಹೇರುವುದು ಉಚಿತವೇ ಎಂಬ ಆಕ್ಷೇಪಣೆ ಬರಬಹುದು. ಈ ಆಕ್ಷೇಪಣೆಗೆ ಹುರುಳಿಲ್ಲವೆಂದಲ್ಲ. ನಿರ್ದೇಶಕರ ಉದ್ದೇಶ ನಗಿಸುವುದೇ ಆಗಿತ್ತು. ಆದರೆ ಅವಳಿಗಳ ಹಾಸ್ಯವನ್ನು ಹಗುರವೆಂದು ಬದಿಗಿಡುವುದು ಕನ್ನಡದ ಸ್ವಂತ ಚರಿತ್ರೆಗೇ ಒಗ್ಗುವುದಿಲ್ಲ. ಷೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಆರಂಭದ ಹೆಜ್ಜೆಗಳಲ್ಲಿ ಎರಡು ಜೋಡಿ ಅವಳಿಗಳ ‘ಕಾಮಿಡಿ ಆಫ್ ಎರರ್ಸ್’ ನಾಟಕದ ರೂಪಾಂತರವಾದ ಚನ್ನಬಸಪ್ಪನವರ ‘ನಗದವರನ್ನು ನಗಿಸುವ ಕಥೆ’ ಒಂದು. ನಕ್ಕು ಮರೆಯಬಹುದಾದ ಕಥೆಗಳ ಮೂಲಕವೇ ಹುಟ್ಟು ಮತ್ತು ಅರ್ಹತೆಯ ಬಗೆಗಿನ ನಂಬಿಕೆಗಳು ಪ್ರಶ್ನೆಗೆ ಒಳಗಾಗದೆ ಸಾಗಿಬರುತ್ತವೆ.

6

ಈ ಪ್ರಶ್ನೆಯನ್ನು ಎದುರಿಸಲು ಕನ್ನಡದ ಅಧ್ಯಯನಕಾರರು ಹೊರಗಿನ ಸಿದ್ಧಾಂತಗಳನ್ನೇ ಅವಲಂಬಿಸಬೇಕಾಗಿಲ್ಲ. ಮಹಾಭಾರತದ ಕರ್ಣನ ಕಥೆಯಲ್ಲಿ ತೊಡೆಯನ್ನು ಕೊರೆಯುವ ಕೀಟದ ನೋವನ್ನು ಸಹಿಸಿದ್ದೇ ಅವನ ಹುಟ್ಟನ್ನು ಪರಶುರಾಮನಿಗೆ ತೋರಿಸಿಕೊಡುತ್ತದೆ. ಸೂತನ ಮನೆಯಲ್ಲಿ ಬೆಳೆದರೂ ದೇಹ ತನ್ನ ಕುಲವನ್ನು ಮುಚ್ಚಿಡಲಾರದು ಎಂಬ ನಂಬಿಕೆ ಅಲ್ಲಿದೆ. ಏಕಲವ್ಯನದು ಇದಕ್ಕೆ ಎದುರಾದ ಕಥೆ. ಸಾಧನೆಯಿಂದ ದೇಹ ಗಳಿಸಿದ ವಿದ್ಯೆಯನ್ನು ಹುಟ್ಟಿನ ಹೆಸರಿನಲ್ಲಿ ಆ ದೇಹದಿಂದಲೇ ಕತ್ತರಿಸಿ ತೆಗೆಯಲಾಗುತ್ತದೆ. ಪಂಪನ ಕರ್ಣನನ್ನು ಕುರಿತು ಕನ್ನಡ ವಿಮರ್ಶೆ ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಕುಲದ ಚರ್ಚೆಗೆ ಅವಳಿ ವೀರರ ಸಿನಿಮಾ ಪರಕೀಯವಾದ ವಸ್ತುವಲ್ಲ.

ಗಿರೀಶ ಕಾರ್ನಾಡರ ‘ಹಯವದನ’ (1971) ಇನ್ನೊಂದು ಉಪಯುಕ್ತ ಪಠ್ಯ. ಅಲ್ಲಿ ತಲೆ ಮತ್ತು ಒಡಲುಗಳು ಅದಲುಬದಲಾಗುತ್ತವೆ. ದೇವದತ್ತನ ತಲೆಗೆ ಸೇರಿದ ಕಪಿಲನ ಗಟ್ಟಿ ಒಡಲು ಅಭ್ಯಾಸ ತಪ್ಪಿದಂತೆ ಮೆತ್ತಗಾಗುತ್ತದೆ. ಕಪಿಲನ ತಲೆಗೆ ಸೇರಿದ ದೇವದತ್ತನ ಕೋಮಲ ಒಡಲು ಕಾಡಿನ ದುಡಿಮೆಯಲ್ಲಿ ಗಟ್ಟಿಯಾಗುತ್ತದೆ. ಒಡಲು ದುಡಿಮೆಗೆ ತಕ್ಕಂತೆ ರೂಪುಗೊಳ್ಳುತ್ತದೆ, ಹಾಗೆಯೇ ತನ್ನ ಹಳೆಯ ನೆನಪುಗಳನ್ನೂ ಬಿಟ್ಟುಕೊಡುವುದಿಲ್ಲ ಎಂಬ ಎರಡು ಮಾತುಗಳನ್ನು ನಾಟಕ ಒಟ್ಟಿಗೆ ಹೇಳುತ್ತದೆ. ‘ಟ್ವಿನ್ ಡ್ರಾಗನ್ಸ್’ ಅಡ್ಡದಾರಿ ಹಿಡಿದು ದಾಟಿಹೋದ ಸಮಸ್ಯೆಯನ್ನು ‘ಹಯವದನ’ ನೇರವಾಗಿ ಎದುರಿಸಿದೆ.

ಇವೆರಡಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ತುಳುನಾಡಿನ ಕೋಟಿ ಚೆನ್ನಯರ ಪಾಡ್ದನ. ದೇಯಿ ಬೈದೆತಿಯ ಮಕ್ಕಳಾದ ಈ ಅವಳಿ ವೀರರು ಬಿಲ್ಲವ ಸಮುದಾಯಕ್ಕೆ ಸೇರಿದವರು; ಅಂಗಸಾಧನೆಯಲ್ಲಿ ನುರಿತವರು; ತಮಗೆ ಸಲ್ಲಬೇಕಾದುದನ್ನು ಬಲ್ಲಾಳನ ಎದುರು ನಿಂತು ಕೇಳಿದವರು. ಪಡುಮಲೆಯಿಂದ ಎಣ್ಮೂರಿನವರೆಗಿನ ಅವರ ದಾರಿಯಲ್ಲಿ ಅವಳಿಗಳು ಬೇರ್ಪಡುವ ಪ್ರಸಂಗವಿಲ್ಲ, ಗುರುತು ತಪ್ಪುವ ಹಾಸ್ಯವೂ ಇಲ್ಲ. ಅವರನ್ನು ಆರಾಧಿಸುವ ತಾಣಗಳಿಗೆ ಜನ ಇಂದಿಗೂ ಗರಡಿ ಎಂದೇ ಹೇಳುತ್ತಾರೆ. ಅಂಗಸಾಧನೆಯ ಮನೆಯ ಹೆಸರೇ ಆರಾಧನೆಯ ಮನೆಗೂ ನಿಂತಿದೆ. ಈ ಕಥೆ ತುಳು ಭಾಷೆಯಲ್ಲಿ 1973ರಲ್ಲಿ, ಮತ್ತೆ 2007ರಲ್ಲಿ ಚಲನಚಿತ್ರವಾಗಿದೆ. ಅವುಗಳನ್ನು ಪ್ರಾದೇಶಿಕ ಐತಿಹ್ಯದ ಚಿತ್ರಗಳೆಂದು ನೋಡಲಾಗಿದೆಯೇ ಹೊರತು ಅವಳಿ ವೀರರ ಸಮರಕಲಾ ಕಥನಗಳೆಂದು ನೋಡಿಲ್ಲ.

ಕನ್ನಡ ವಿಭಾಗಗಳಲ್ಲಿ ಸಿನಿಮಾ ಇಂದು ಪಠ್ಯಕ್ರಮದ ಅಂಚಿನ ವಿಷಯವಾಗಿ ಉಳಿಯಬೇಕಾಗಿಲ್ಲ. ಆದರೆ ಅದನ್ನು ಸೇರಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೋಡುವ ಕ್ರಮ ಬದಲಾಗಬೇಕು. ಸಂಶೋಧನಾರ್ಥಿಯೊಬ್ಬ ‘ಟ್ವಿನ್ ಡ್ರಾಗನ್ಸ್’, ‘ಹಲೋ ಬ್ರದರ್’, ‘ಚೆಲುವ’ ಮತ್ತು ಕೋಟಿ ಚೆನ್ನಯರ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು, ಪ್ರತಿಯೊಂದರಲ್ಲಿಯೂ ವೀರನ ದೇಹಕ್ಕೆ ಶಕ್ತಿ ಎಲ್ಲಿಂದ ಬಂದುದೆಂದು ಚಿತ್ರ ಹೇಳುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೂ ಒಂದು ಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ ದೊರೆಯುತ್ತದೆ. ಅದಕ್ಕೆ ಕಥಾಸಾರಾಂಶ ಸಾಲದು. ಹೊಡೆದಾಟದ ದೃಶ್ಯಗಳನ್ನು ಕಾವ್ಯದ ಪದ್ಯಗಳನ್ನು ಓದುವಂತೆ ಬಿಡಿಬಿಡಿಯಾಗಿ, ಮತ್ತೆ ಮತ್ತೆ ನೋಡಬೇಕಾಗುತ್ತದೆ. ಅರ್ಹತೆಯನ್ನು ಹುಟ್ಟಿನಿಂದ ಅಳೆಯುವ ರೂಢಿ ಇನ್ನೂ ಅಳಿಯದ ಸಮಾಜದಲ್ಲಿ, ಮನರಂಜನೆಯ ಹೆಸರಿನಲ್ಲಿ ಆ ರೂಢಿ ಹೇಗೆ ಮರುಹುಟ್ಟು ಪಡೆಯುತ್ತದೆ ಎಂಬುದನ್ನು ತಿಳಿಯಲು ಈ ಶ್ರಮ ಅವಶ್ಯಕ.